ಬರ್ಗಂಡಿ: ಮನೆ ಕೊಳ್ಳಬಹುದು, ಬಳ್ಳಿ ಕೊಳ್ಳುವುದು ಕಷ್ಟ

ಬೆಂಗಳೂರಿನ ಒಂದು 30-40 ಸೈಟಿನ ದುಡ್ಡಿಗೆ ಫ್ರಾನ್ಸಿನ ಹಳ್ಳಿಯಲ್ಲಿ ಕಲ್ಲಿನ ಮನೆ, ಹಿತ್ತಲು, ನೆಲಮಾಳಿಗೆ ಎಲ್ಲವೂ ಸಿಗುತ್ತದೆ ಎನ್ನುವ ರೀಲ್ಸ್‌ ನಿಮ್ಮ ಫೋನಿಗೂ ಬಂದಿರಬಹುದು. ಮಕ್ಕಳು ಯುರೋಪಿನಲ್ಲಿ ಓದುತ್ತಿರುವ, ಕೆಲಸದಲ್ಲಿರುವ ಮನೆಗಳಲ್ಲಂತೂ ಇದು ಊಟದ ಹೊತ್ತಿನ ಮಾತಾಗಿದೆ. ಆ ಮಾತು ಪೂರ್ತಿ ಸುಳ್ಳಲ್ಲ. ಆದರೆ ಚಿತ್ರದಲ್ಲಿ ಕಾಣುವ ದ್ರಾಕ್ಷಿ ತೋಟದ ಹಳ್ಳಿ ಒಂದು ಮೂಲೆಯಲ್ಲಿದ್ದರೆ, ಅಗ್ಗದ ಮನೆ ಇರುವ ಹಳ್ಳಿ ಅದೇ ಪ್ರಾಂತ್ಯದ ಇನ್ನೊಂದು ಮೂಲೆಯಲ್ಲಿರುತ್ತದೆ. ಎರಡರ ಬೆಲೆಗೂ ಅಜಗಜಾಂತರ. ಹೀಗೇಕೆ ಎಂದು ತಿಳಿಯಲು ಬರ್ಗಂಡಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಅಲ್ಲಿ ಪ್ರವಾಸಿಗಳನ್ನು ಸೆಳೆಯುವುದೂ ನೆಲವೇ, ಮನೆ ಕೊಳ್ಳುವವರನ್ನು ಸೆಳೆಯುವುದೂ ನೆಲವೇ, ಕೊನೆಗೆ ಅವರ ಕೈಗೆ ಸಿಗದೆ ಉಳಿಯುವುದೂ ಅದೇ.

ಎಲ್ಲಿದೆ ಈ ಬರ್ಗಂಡಿ

ಪ್ಯಾರಿಸ್‌ನಿಂದ ಆಗ್ನೇಯಕ್ಕೆ, ಲಿಯೋಂ ನಗರಕ್ಕೆ ಹೋಗುವ ದಾರಿಯಲ್ಲಿ ಸಿಗುವ ನಾಡು ಇದು. ಪ್ಯಾರಿಸ್‌ನಲ್ಲಿ ವೇಗದ ರೈಲು ಹತ್ತಿದರೆ ಸುಮಾರು ಒಂದೂವರೆ ಗಂಟೆಯಲ್ಲಿ ದಿಜೋಂ ತಲುಪುತ್ತೀರಿ. ಅಲ್ಲಿಂದ ಸ್ಥಳೀಯ ರೈಲಿನಲ್ಲಿ ಇಪ್ಪತ್ತು-ಇಪ್ಪತ್ತೈದು ನಿಮಿಷಕ್ಕೆ ಬೋನ್ ಪಟ್ಟಣ. ವೈನ್ ಲೋಕ ‘ಬರ್ಗಂಡಿ’ ಎಂದಾಗ ಮುಖ್ಯವಾಗಿ ಕಣ್ಣೆದುರಿಗೆ ಬರುವುದು ಈ ಎರಡು ಊರುಗಳ ಅಕ್ಕಪಕ್ಕದ ಇಳಿಜಾರು. ಅದರ ಹೆಸರು ಕೋತ್ ದೋರ್. ಉದ್ದ ಸುಮಾರು 60 ಕಿಲೋಮೀಟರ್. ಅಗಲ ಎಷ್ಟೋ ಕಡೆ ಎರಡು ಕಿಲೋಮೀಟರ್‌ ಕೂಡ ಇಲ್ಲ, ಅಡ್ಡಲಾಗಿ ನಡೆದರೆ ಅರ್ಧ ಗಂಟೆಯಲ್ಲಿ ದಾಟಿಬಿಡಬಹುದು.

ಇದೊಂದೇ ಅಲ್ಲ. ಉತ್ತರಕ್ಕೆ ದೂರದಲ್ಲಿ ಬಿಳಿ ವೈನಿನ ಶಾಬ್ಲಿ ಇದೆ. ಬೋನ್‌ನಿಂದ ದಕ್ಷಿಣಕ್ಕೆ ಕೋತ್ ಶಾಲೊನೇಸ್, ಇನ್ನೂ ಕೆಳಗೆ ಮಾಕೊನೆ. ಎಲ್ಲ ಸೇರಿದರೂ ದ್ರಾಕ್ಷಿ ಬೆಳೆಯುವ ಜಾಗ ಸುಮಾರು 30 ಸಾವಿರ ಹೆಕ್ಟೇರ್. ಪಶ್ಚಿಮಕ್ಕೆ ಮೋರ್ವಾಂ ಎಂಬ ಕಾಡು-ಬೆಟ್ಟದ ಸೀಮೆ ಇದೆ. ಅಲ್ಲಿ ದ್ರಾಕ್ಷಿ ಇಲ್ಲವೆಂದೇ ಹೇಳಬೇಕು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮನೆಯ ಬೆಲೆಯ ಪ್ರಶ್ನೆ ಬಂದಾಗ ಬೇಕಾಗುತ್ತದೆ.

ಒಂದೇ ಇಳಿಜಾರು, ಸಾವಿರಕ್ಕೂ ಹೆಚ್ಚು ಹೆಸರು

ಬರ್ಗಂಡಿಯ ಕೆಂಪು ವೈನಿಗೆ ಮುಖ್ಯವಾಗಿ ಪಿನೋ ನ್ವಾರ್ ಎಂಬ ಒಂದೇ ದ್ರಾಕ್ಷಿ, ಬಿಳಿ ವೈನಿಗೆ ಶಾರ್ಡೊನೆ. ತಳಿಗಳನ್ನು ಬೆರೆಸುವ ರೂಢಿ ಇಲ್ಲಿಲ್ಲ. 1395ರಷ್ಟು ಹಿಂದೆಯೇ ಈ ನಾಡನ್ನು ಆಳುತ್ತಿದ್ದ ಡ್ಯೂಕ್ ಫಿಲಿಪ್ ದಿ ಬೋಲ್ಡ್, ಇಳುವರಿ ಹೆಚ್ಚು ಕೊಡುತ್ತಿದ್ದ ಗಮೆ ದ್ರಾಕ್ಷಿಯನ್ನು ಕಿತ್ತುಹಾಕಿ ಎಂದು ಆಜ್ಞೆ ಹೊರಡಿಸಿದ್ದ. ತಳಿ ಒಂದೇ ಆಗಿದ್ದರೂ ಒಂದು ಬಾಟಲಿಗೆ 15 ಯೂರೋ, ಇನ್ನೊಂದಕ್ಕೆ ಸಾವಿರಾರು ಯೂರೋ ಬೆಲೆ ಹೇಗೆ ಬಂತು?

ವ್ಯತ್ಯಾಸವೆಲ್ಲ ಇಳಿಜಾರಿನಲ್ಲಿದೆ. ಜುರಾಸಿಕ್ ಕಾಲದಲ್ಲಿ ಇಲ್ಲಿ ಸಮುದ್ರವಿತ್ತು. ಅದರ ತಳದಲ್ಲಿ ಕೂತ ಸುಣ್ಣಕಲ್ಲಿನ ಪದರಗಳು ಮುಂದೆ ಭೂಮಿ ಬಿರುಕುಬಿಟ್ಟು ಸೋನ್ ನದಿಯ ಬಯಲು ಕುಸಿದಾಗ ಅಂಚಿನಲ್ಲಿ ಹೊರಗೆ ಬಂದವು. ಆ ಅಂಚೇ ಇಂದಿನ ಕೋತ್ ದೋರ್. ಪೂರ್ವಕ್ಕೆ ಮುಖ ಮಾಡಿರುವುದರಿಂದ ಬೆಳಗಿನ ಬಿಸಿಲು ಮೊದಲು ಇಲ್ಲಿಗೇ ಬೀಳುತ್ತದೆ. ತೀರಾ ಕೆಳಗೆ ಮಣ್ಣು ದಪ್ಪ, ನೀರು ನಿಲ್ಲುತ್ತದೆ. ಅಲ್ಲಿ ಬಳ್ಳಿ ಸೊಂಪಾಗಿ ಬೆಳೆದರೂ ಹಣ್ಣಿನಲ್ಲಿ ಸತ್ವ ಕಡಿಮೆ. ತೀರಾ ಮೇಲೆ ಮಣ್ಣು ತೆಳು, ಗಾಳಿ ಮತ್ತು ಚಳಿ ಹೆಚ್ಚು. ನಟ್ಟನಡುವೆ ಜೇಡಿಯೂ ಸುಣ್ಣಕಲ್ಲೂ ಹದವಾಗಿ ಸೇರಿ, ನೀರು ಬಸಿದುಹೋಗುವ ಒಂದು ಪಟ್ಟಿ ಇದೆ. ಅತ್ಯುತ್ತಮ ತೋಟಗಳೆಲ್ಲ ಇರುವುದು ಆ ಪಟ್ಟಿಯಲ್ಲೇ.

ನಮ್ಮ ಹಳ್ಳಿಗಳಲ್ಲಿ ಪ್ರತಿ ಹೊಲಕ್ಕೂ ಒಂದೊಂದು ಹೆಸರಿರುತ್ತದಲ್ಲ, ಕೆರೆಹಿಂದಲ ಗದ್ದೆ, ಕಲ್ಲುಹೊಲ, ಆಲದಮರದ ಹೊಲ ಎಂದು. ಯಾವುದರಲ್ಲಿ ಯಾವ ಬೆಳೆ ಬರುತ್ತದೆ, ಯಾವುದು ಬೇಗ ಒಣಗುತ್ತದೆ ಎಂಬುದು ಆ ಹೆಸರು ಹೇಳಿದೊಡನೆ ಊರಿನವರಿಗೆ ಗೊತ್ತಾಗುತ್ತದೆ. ಬರ್ಗಂಡಿಯವರು ಇದೇ ತಿಳಿವಳಿಕೆಯನ್ನು ಶತಮಾನಗಳ ಕಾಲ ಬರೆದಿಟ್ಟು, ಗಡಿ ಗುರುತಿಸಿ, ಕಾನೂನಾಗಿ ಮಾಡಿಕೊಂಡರು. ಹೀಗೆ ಹೆಸರು ಮತ್ತು ಗಡಿ ಪಡೆದ ತುಂಡು ನೆಲಕ್ಕೆ ಅವರು ‘ಕ್ಲಿಮಾ’ ಎನ್ನುತ್ತಾರೆ. ಈ ಇಳಿಜಾರಿನಲ್ಲಿ 1,247 ಕ್ಲಿಮಾಗಳಿವೆ. 2015ರ ಜುಲೈನಲ್ಲಿ ಯುನೆಸ್ಕೊ ಇವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಬಾಟಲಿಯ ಮೇಲಿನ ದರ್ಜೆಯನ್ನೂ ಇದರಿಂದಲೇ ಓದಬೇಕು. ಕೆಳಗಿನ ಮೆಟ್ಟಿಲು ಇಡೀ ಪ್ರಾಂತ್ಯದ ಹೆಸರಿನ ವೈನ್, ಅದರ ಮೇಲೆ ಹಳ್ಳಿಯ ಹೆಸರಿನದು, ಅದಕ್ಕೂ ಮೇಲೆ ‘ಪ್ರೆಮಿಯೆ ಕ್ರೂ’, ತುದಿಯಲ್ಲಿ ‘ಗ್ರಾಂ ಕ್ರೂ’. ಗ್ರಾಂ ಕ್ರೂ ದರ್ಜೆಯವು ಬರೀ 33. ಒಟ್ಟು ಉತ್ಪಾದನೆಯಲ್ಲಿ ಅವುಗಳ ಪಾಲು ಶೇಕಡಾ 1ರ ಆಸುಪಾಸು. ದರ್ಜೆ ಸಿಕ್ಕಿರುವುದು ನೆಲಕ್ಕೆ, ವೈನ್ ಮಾಡುವ ಮನೆತನಕ್ಕಲ್ಲ. ಹಾಗಾಗಿ ಹಳ್ಳಿಗಳಿಗೂ ತಮ್ಮ ಒಳ್ಳೆಯ ತೋಟದ ಹೆಸರಿನ ಮೇಲೆ ಮೋಹ. ಜೆವ್ರೆ ಎಂಬ ಹಳ್ಳಿ 1847ರಲ್ಲಿ ತನ್ನ ಪ್ರಸಿದ್ಧ ತೋಟ ಶಾಂಬರ್ತಾಂನ ಹೆಸರನ್ನು ಸೇರಿಸಿಕೊಂಡು ಜೆವ್ರೆ-ಶಾಂಬರ್ತಾಂ ಆಯಿತು. ಸುತ್ತಲಿನ ಹಳ್ಳಿಗಳೂ ಅದನ್ನೇ ಹಿಂಬಾಲಿಸಿದವು.

ನೆಲ ಚೂರುಚೂರಾದದ್ದು ಹೇಗೆ

1098ರಲ್ಲಿ ಸೀತೊ ಎಂಬಲ್ಲಿ ಒಂದು ಕ್ರೈಸ್ತ ಮಠ ಹುಟ್ಟಿತು. ದುಡಿಮೆಯನ್ನೂ ಪ್ರಾರ್ಥನೆ ಎಂದೇ ತಿಳಿದಿದ್ದ ಅಲ್ಲಿನ ಸಿಸ್ಟರ್ಸಿಯನ್ ಸನ್ಯಾಸಿಗಳು ದಾನವಾಗಿ ಬಂದ ತೋಟಗಳನ್ನು ಬೆಳೆಸಿ, ಕಲ್ಲಿನ ಗೋಡೆ ಕಟ್ಟಿ ‘ಕ್ಲೋ ದ ವೂಜೊ’ ಎಂಬ ತೋಟ ಮಾಡಿದರು. ಫ್ರೆಂಚ್ ಕ್ರಾಂತಿಯಲ್ಲಿ ಮಠದ ಆಸ್ತಿಯೆಲ್ಲ ಸರ್ಕಾರದ ವಶವಾಗಿ ಹರಾಜಾಯಿತು. ಅದರ ಬೆನ್ನಿಗೆ 1804ರ ನೆಪೋಲಿಯನ್ ಸಂಹಿತೆ, ಎಲ್ಲ ಮಕ್ಕಳಿಗೂ ಸಮಪಾಲು ಎಂದಿತು. ತಲೆಮಾರು ಕಳೆದಂತೆ ತೋಟಗಳು ಸಾಲು ಸಾಲಾಗಿ ಹಂಚಿಹೋದವು. ಇವತ್ತು ಗೋಡೆಯೊಳಗಿನ ಆ 50 ಹೆಕ್ಟೇರಿಗೆ ಸುಮಾರು 80 ಮಾಲೀಕರು. ಕೆಲವರ ಪಾಲಿಗೆ ಬಳ್ಳಿಯ ಕೆಲವೇ ಸಾಲುಗಳಿವೆ.

ಇಲ್ಲಿ ಹೆಚ್ಚಿನವರು ಕುಟುಂಬದ ಕೈಯಲ್ಲೇ ತೋಟ ಇಟ್ಟುಕೊಂಡಿರುವ ರೈತರು. ಒಬ್ಬರಿಗೇ ನಾಲ್ಕೈದು ಹಳ್ಳಿಗಳಲ್ಲಿ ಹತ್ತಾರು ತುಂಡು ನೆಲ, ಪ್ರತಿ ತುಂಡಿಗೂ ಬೇರೆ ಪೀಪಾಯಿ, ಬೇರೆ ಲೇಬಲ್. ಫ್ರಾನ್ಸಿನ ಇನ್ನೊಂದು ವೈನ್ ಸೀಮೆ ಬೋರ್ಡೋದಲ್ಲಿ ಕಾಣುವಂಥ ಅರಮನೆಗಳು ಇಲ್ಲಿ ಕಡಿಮೆ. ಹಳ್ಳಿಯ ಬೀದಿಯಲ್ಲಿ ದೊಡ್ಡ ಮರದ ಬಾಗಿಲು, ಒಳಗೆ ಅಂಗಳ, ಅಂಗಳದಲ್ಲಿ ಬಳ್ಳಿಸಾಲಿನ ಮೇಲೆ ದಾಟಿ ಹೋಗುವ ಎತ್ತರ ಕಾಲಿನ ಟ್ರ್ಯಾಕ್ಟರ್, ಕೆಳಗೆ ನೆಲಮಾಳಿಗೆ. ಜಗತ್ತಿನ ಅತಿ ದುಬಾರಿ ವೈನುಗಳಲ್ಲಿ ಕೆಲವು ಇಂಥ ಮನೆಗಳಲ್ಲೇ ತಯಾರಾಗುತ್ತವೆ.

ಹೋದವರಿಗೆ ಅಲ್ಲಿ ಏನಿದೆ

ವೋನ್-ರೊಮನೆ ಹಳ್ಳಿಯ ಚರ್ಚಿನಿಂದ ಮೇಲಕ್ಕೆ ಹತ್ತು ನಿಮಿಷ ನಡೆದರೆ ಮೊಣಕಾಲೆತ್ತರದ ಗೋಡೆ, ಅದರ ಮೇಲೊಂದು ಕಲ್ಲಿನ ಶಿಲುಬೆ ಕಾಣುತ್ತದೆ. ಅದರ ಹಿಂದಿರುವುದೇ ರೊಮನೆ-ಕೊಂತಿ, 1.8 ಹೆಕ್ಟೇರ್ ಅಂದರೆ ಸುಮಾರು ನಾಲ್ಕೂವರೆ ಎಕರೆ. 2018ರಲ್ಲಿ ನ್ಯೂಯಾರ್ಕ್‌ನ ಹರಾಜಿನಲ್ಲಿ ಈ ತೋಟದ 1945ರ ಒಂದು ಬಾಟಲಿ 5,58,000 ಡಾಲರಿಗೆ ಹೋಯಿತು. ಕಾವಲುಗಾರರಿಲ್ಲ, ಟಿಕೆಟ್ ಇಲ್ಲ. ರಸ್ತೆಯಲ್ಲೇ ನಿಂತು ನೋಡಿ, ತೋಟದೊಳಗೆ ಕಾಲಿಡಬೇಡಿ ಎಂಬ ವಿನಂತಿಯ ಫಲಕವಿದೆ, ಅಷ್ಟೇ. ದಾರಿಯ ಆ ಬದಿಗೂ ಈ ಬದಿಗೂ ಬಳ್ಳಿಗಳು ಒಂದೇ ರೀತಿ ಕಾಣುತ್ತವೆ, ಬೆಲೆಯಲ್ಲಿ ಮಾತ್ರ ಹತ್ತಾರು ಪಟ್ಟು ಅಂತರ. ನನ್ನ ಮಟ್ಟಿಗೆ ಬರ್ಗಂಡಿ ಅರ್ಥವಾಗಲು ಯಾವ ಮ್ಯೂಸಿಯಮ್ಮಿಗಿಂತಲೂ ಈ ಹತ್ತು ನಿಮಿಷದ ನಡಿಗೆ ಮೇಲು.

ವೈನ್ ಮುಟ್ಟದವರಿಗೂ ಇಲ್ಲಿ ನೋಡುವುದು ಧಾರಾಳವಾಗಿದೆ. ಬೋನ್‌ನಲ್ಲಿ 1443ರಲ್ಲಿ ಡ್ಯೂಕನ ಮಂತ್ರಿ ನಿಕೊಲಾ ರೊಲಾಂ ಮತ್ತು ಅವನ ಹೆಂಡತಿ ಗಿಗೋನ್ ದ ಸಾಲಾಂ ಬಡವರಿಗಾಗಿ ಒಂದು ಆಸ್ಪತ್ರೆ ಕಟ್ಟಿಸಿದರು. ಬೀದಿಯಿಂದ ನೋಡಿದರೆ ಬೂದು ಬಣ್ಣದ ಸಾದಾ ಚಾವಣಿ. ಒಳಗಿನ ಅಂಗಳಕ್ಕೆ ಬಂದಾಗಲೇ ಹಳದಿ, ಕೆಂಪು, ಹಸಿರು ಹೊಳಪಿನ ಹಂಚುಗಳ ಚಿತ್ತಾರ ಕಾಣುವುದು. ಬಡವರ ವಾರ್ಡಿನಲ್ಲಿ ಎರಡೂ ಗೋಡೆಗೆ ಕೆಂಪು ಪರದೆಯ ಹಾಸಿಗೆಗಳ ಸಾಲು, ತುದಿಯಲ್ಲಿ ಪ್ರಾರ್ಥನಾ ಮಂದಿರ. ಮೇಲೇಳಲಾಗದ ರೋಗಿ ಮಲಗಿದ್ದಲ್ಲಿಂದಲೇ ಪೂಜೆ ಕೇಳಲಿ ಎಂದು ಮಾಡಿದ ಏರ್ಪಾಡು. 1971ರವರೆಗೂ ಇದು ಆಸ್ಪತ್ರೆಯಾಗಿಯೇ ನಡೆಯಿತು. ದಾನಿಗಳು ಕೊಟ್ಟ ದ್ರಾಕ್ಷಿ ತೋಟಗಳು ಇಂದಿಗೂ ಸಂಸ್ಥೆಯ ಬಳಿ ಇವೆ. 1859ರಿಂದ ನಡೆದುಬಂದಿರುವ ಹರಾಜಿನಲ್ಲಿ, ಪ್ರತಿ ನವೆಂಬರಿನ ಮೂರನೇ ಭಾನುವಾರ, ಆ ತೋಟಗಳ ವೈನ್ ಪೀಪಾಯಿ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಬಂದ ಹಣ ಸಂಸ್ಥೆಯ ಈಗಿನ ಆಸ್ಪತ್ರೆ ಕೆಲಸಕ್ಕೆ. ಆ ವಾರ ಬೋನ್‌ನಲ್ಲಿ ಕೋಣೆ ಸಿಗುವುದು ಕಷ್ಟ.

ಬೋನ್‌ನಿಂದ ದಕ್ಷಿಣಕ್ಕೆ ಪೊಮಾರ್, ಮರ್ಸೋ, ಪ್ಯುಲಿನ್ಯಿ ಹಳ್ಳಿಗಳ ತೋಟಗಳ ನಡುವೆಯೇ ಸಾಂತನೆವರೆಗೆ ಸೈಕಲ್ ದಾರಿ ಇದೆ. ಸ್ವಲ್ಪ ದೂರಕ್ಕೆ 1118ರ ಫೊಂತನೆ ಮಠ, ವೆಜಲೆಯ ಚರ್ಚು, ಎರಡೂ ಯುನೆಸ್ಕೊ ಪಟ್ಟಿಯಲ್ಲಿವೆ. 242 ಕಿಲೋಮೀಟರ್ ಉದ್ದದ ಬರ್ಗಂಡಿ ಕಾಲುವೆಯಲ್ಲಿ ದೋಣಿ ಬಾಡಿಗೆಗೆ ಸಿಗುತ್ತದೆ. ಸಸ್ಯಾಹಾರಿಗಳಿಗೆ ಹಳ್ಳಿಯ ಹೋಟೆಲಿನಲ್ಲಿ ಸ್ವಲ್ಪ ಕಷ್ಟವೇ. ಬೇಕರಿಯ ಬ್ರೆಡ್, ಗುಜೇರ್ ಎಂಬ ಚೀಸಿನ ಪಫ್, ಶನಿವಾರದ ಬೋನ್ ಸಂತೆಯ ಹಣ್ಣು-ತರಕಾರಿ ಕೈಹಿಡಿಯುತ್ತವೆ.

ಹೋಗುವವರಿಗೆ ಎರಡು ಮಾತು. ಚಿಕ್ಕ ಮನೆತನಗಳಲ್ಲಿ ವೈನ್ ರುಚಿ ನೋಡಬೇಕಾದರೆ ಮೊದಲೇ ಹೇಳಿ ಹೋಗಬೇಕು. ಕೊಯ್ಲಿನ ದಿನಗಳಲ್ಲಿ ಬಾಗಿಲು ತೆರೆಯದಿದ್ದರೆ ಬೇಸರ ಬೇಡ, ಅದು ಅವರ ವರ್ಷದ ಅನ್ನ. ಇನ್ನು, ರುಚಿ ನೋಡಿ ಉಗುಳುವುದು ಅಲ್ಲಿ ಅಸಭ್ಯವಲ್ಲ, ಅದಕ್ಕೆಂದೇ ಪಾತ್ರೆ ಇಟ್ಟಿರುತ್ತಾರೆ. ಕಾರು ಓಡಿಸುವವರ ರಕ್ತದಲ್ಲಿ ಲೀಟರಿಗೆ 0.5 ಗ್ರಾಂಗಿಂತ ಕಡಿಮೆ ಆಲ್ಕೋಹಾಲ್ ಇರಬೇಕು, ಆದ್ದರಿಂದ ಉಗುಳುವುದೇ ಲೇಸು.

ಮನೆ ಬೇರೆ, ತೋಟ ಬೇರೆ

ಈಗ ಕೊಳ್ಳುವ ವಿಷಯಕ್ಕೆ ಬರೋಣ. ಕೋತ್ ದೋರ್‌ನ ಗ್ರಾಂ ಕ್ರೂ ನೆಲದ ಸರಾಸರಿ ಬೆಲೆ ಹೆಕ್ಟೇರಿಗೆ 60 ಲಕ್ಷ ಯೂರೋ ದಾಟಿ ಕೆಲವು ವರ್ಷಗಳಾದವು. 2014ರಲ್ಲಿ ಕ್ಲೋ ದೆ ಲಾಂಬ್ರೆ ತೋಟವನ್ನು ಬರ್ನಾರ್ ಆರ್ನೋ ಅವರ ಎಲ್‌ವಿಎಂಎಚ್ ಸಮೂಹ ಕೊಂಡಿತು, 2017ರಲ್ಲಿ ಪಕ್ಕದ ಕ್ಲೋ ದ ತಾರ್ ಫ್ರಾಂಸ್ವಾ ಪಿನೋ ಕುಟುಂಬದ ಕಂಪನಿಗೆ ಹೋಯಿತು. ಇಬ್ಬರೂ ಫ್ರಾನ್ಸಿನ ಅತಿ ಶ್ರೀಮಂತರ ಪೈಕಿ. ಬೆಲೆ ಹೀಗೆ ಏರಿದ್ದು ಸ್ಥಳೀಯ ಕುಟುಂಬಗಳಿಗೂ ಸಂಕಟ ತಂದಿದೆ. ತಂದೆಯ ತೋಟ ಮಗಳಿಗೆ ಬರುವಾಗ ಕಟ್ಟಬೇಕಾದ ವಾರಸು ತೆರಿಗೆ ನೆಲದ ಮಾರುಕಟ್ಟೆ ಬೆಲೆಯ ಮೇಲೆ ನಿಂತಿದೆ, ತೋಟದ ವರಮಾನದ ಮೇಲಲ್ಲ.

ದುಡ್ಡಿದ್ದರೂ ತೋಟ ಕೈಗೆ ಬಂತೆಂದಲ್ಲ. ಫ್ರಾನ್ಸಿನಲ್ಲಿ ‘ಸಫೇರ್’ ಎಂಬ ಗ್ರಾಮೀಣ ಭೂಸಂಸ್ಥೆಗಳಿವೆ, 1960ರ ಕಾನೂನಿನಲ್ಲಿ ಹುಟ್ಟಿದವು. ಕೃಷಿ ಭೂಮಿ ಮಾರಾಟವಾಗುವಾಗ ಇವರಿಗೆ ತಿಳಿಸಲೇಬೇಕು. ಬೇಕೆನಿಸಿದರೆ ಆ ನೆಲವನ್ನು ಮೊದಲು ಕೊಳ್ಳುವ ಹಕ್ಕು ಇವರದು. ಹಾಗೆ ಕೊಂಡದ್ದನ್ನು ಊರಿನ ಯುವ ರೈತರಿಗೋ, ಪಕ್ಕದ ಹೊಲದವರಿಗೋ ಮಾರಬಹುದು. ಉಳುವವನ ಕೈಯಲ್ಲೇ ಭೂಮಿ ಉಳಿಯಲಿ ಎಂಬುದು ಉದ್ದೇಶ.

ಮನೆಗೆ ಬಂದರೆ ಲೆಕ್ಕ ಬೇರೆ. ವಿದೇಶಿಯರು ಮನೆ ಕೊಳ್ಳಲು ಫ್ರಾನ್ಸಿನಲ್ಲಿ ಅಡ್ಡಿಯಿಲ್ಲ. ಮರ್ಸೋ, ಬೋನ್‌ನಂಥ ಕಡೆ ದುಬಾರಿ, ಮಾರಾಟಕ್ಕೆ ಬರುವುದೂ ಕಡಿಮೆ. ಕೋತ್ ಶಾಲೊನೇಸ್, ಮಾಕೊನೆ ಸೀಮೆಗಳಲ್ಲಿ ದ್ರಾಕ್ಷಿಯ ನಡುವೆಯೇ ಬದುಕಬಹುದು, ಬೆಲೆಯೂ ಇಳಿಯುತ್ತದೆ. ಮಾಕೊನೆಗೆ ಪ್ಯಾರಿಸ್‌ನಿಂದ ವೇಗದ ರೈಲಿನ ನಿಲ್ದಾಣವೂ ಇದೆ. ರೀಲ್ಸ್‌ಗಳು ಹೇಳುವ ಅಗ್ಗದ ಮನೆಗಳು ಹೆಚ್ಚಾಗಿ ಮೋರ್ವಾಂ ಕಡೆಯವು. ಅಲ್ಲಿ ಕಾಡು, ಕೆರೆ, ದನದ ಹುಲ್ಲುಗಾವಲು ಸುಂದರವಾಗಿವೆ, ದ್ರಾಕ್ಷಿ ಇಲ್ಲ. ಜನ ಊರು ಬಿಟ್ಟು ನಗರ ಸೇರಿ ಮನೆಗಳು ಖಾಲಿ ಬಿದ್ದಿರುವುದರಿಂದಲೇ ಬೆಲೆ ಇಳಿದಿದೆ. ಅದೇ ಕಾರಣಕ್ಕೆ ಅಂಗಡಿ, ವೈದ್ಯರು, ಬಸ್ಸು ಕೂಡ ದೂರ.

ಖರೀದಿ ನಡೆಯುವ ಬಗೆ

ನಮ್ಮ ಸಬ್ ರಿಜಿಸ್ಟ್ರಾರ್ ಕೆಲಸ, ವಕೀಲರ ಕೆಲಸ ಎರಡನ್ನೂ ಸೇರಿಸಿ ಮಾಡುವ ‘ನೋತೇರ್’ ಎಂಬ ಅಧಿಕಾರಿ ಅಲ್ಲಿದ್ದಾರೆ. ಸರ್ಕಾರ ನೇಮಿಸಿದವರು, ಕೊಳ್ಳುವವರು-ಮಾರುವವರು ಇಬ್ಬರಿಗೂ ಸೇರಿದವರು. ಮಾರುವವರು ಒಬ್ಬರನ್ನು, ನೀವು ಇನ್ನೊಬ್ಬರನ್ನು ಇಟ್ಟುಕೊಂಡರೂ ಶುಲ್ಕ ಹೆಚ್ಚುವುದಿಲ್ಲ, ಅವರವರೇ ಹಂಚಿಕೊಳ್ಳುತ್ತಾರೆ. ಹಾಗಾಗಿ ನಿಮ್ಮದೇ ನೋತೇರ್ ಇಟ್ಟುಕೊಳ್ಳುವುದು ಜಾಣತನ.

ಬೆಲೆ ಕುದುರಿದ ಮೇಲೆ ‘ಕೊಂಪ್ರೊಮಿ’ ಎಂಬ ಒಪ್ಪಂದಕ್ಕೆ ಸಹಿ, ಸಾಮಾನ್ಯವಾಗಿ ಶೇಕಡಾ 5ರಿಂದ 10 ಮುಂಗಡ. ಸಹಿಯಾದ ಪ್ರತಿ ಕೈಸೇರಿದ ಮೇಲೆ 10 ದಿನದೊಳಗೆ ಕಾರಣ ಹೇಳದೆ ಕೊಳ್ಳುವವರು ಹಿಂದೆ ಸರಿಯಬಹುದು. ಮಾರುವವರಿಗೆ ಈ ಅನುಕೂಲವಿಲ್ಲ. ಸಾಲ ಸಿಗದಿದ್ದರೆ ಒಪ್ಪಂದ ರದ್ದು ಎಂಬ ಷರತ್ತನ್ನೂ ಬರೆಸಬಹುದು. ಅಲ್ಲಿಂದ ಎರಡು-ಮೂರು ತಿಂಗಳಿಗೆ ಅಂತಿಮ ಪತ್ರ. ಹಳೆಯ ಮನೆಯಾದರೆ ‘ನೋತೇರ್ ಖರ್ಚು’ ಬೆಲೆಯ ಶೇಕಡಾ 7ರಿಂದ 8ರಷ್ಟಾಗುತ್ತದೆ. ಅದರಲ್ಲಿ ಬಹುಪಾಲು ಸರ್ಕಾರದ ತೆರಿಗೆ.

ಮಾರುವವರು ಮನೆಯ ತಪಾಸಣಾ ವರದಿಗಳನ್ನು ಕೊಡಲೇಬೇಕು. 1949ಕ್ಕೆ ಹಿಂದಿನ ಮನೆಯಾದರೆ ಬಣ್ಣದಲ್ಲಿ ಸೀಸ ಇದೆಯೇ ಎಂದು, ಹಳೆಯ ಕಟ್ಟಡಗಳಲ್ಲಿ ಕಲ್ನಾರು (ಆಸ್ಬೆಸ್ಟಸ್) ಇದೆಯೇ ಎಂದು ನೋಡಿರುತ್ತಾರೆ. ಶಕ್ತಿ ಬಳಕೆಗೆ ಎ ಇಂದ ಜಿ ವರೆಗೆ ದರ್ಜೆ. ಈ ದರ್ಜೆಯನ್ನು ಕಡೆಗಣಿಸಬೇಡಿ. ಕಲ್ಲಿನ ಹಳೆಯ ಮನೆಗಳು ಎಷ್ಟೋ ಕಡೆ ಎಫ್, ಜಿ ದರ್ಜೆಯವು. ಜಿ ದರ್ಜೆಯ ಮನೆಯನ್ನು 2025ರ ಜನವರಿಯಿಂದ ವಾಸಕ್ಕೆಂದು ಹೊಸದಾಗಿ ಬಾಡಿಗೆಗೆ ಕೊಡುವಂತಿಲ್ಲ. ಚರಂಡಿ ಜಾಲಕ್ಕೆ ಸೇರದ ಮನೆಯಾದರೆ ಶೌಚಗುಂಡಿಯ ವರದಿಯೂ ಇರುತ್ತದೆ. ಅದು ನಿಯಮಕ್ಕೆ ಹೊಂದದಿದ್ದರೆ ಕೊಂಡವರು ಒಂದು ವರ್ಷದೊಳಗೆ ಸರಿಪಡಿಸಬೇಕು. ಬೆಲೆ ಕುದುರಿಸುವಾಗ ಎತ್ತಬೇಕಾದ ಮಾತು ಇದು.

ದ್ರಾಕ್ಷಿ ರೈತರ ಹಳೆಯ ಮನೆಗಳಲ್ಲಿ ನೆಲಮಟ್ಟದಲ್ಲಿ ವೈನ್ ಇಡುವ ಉಗ್ರಾಣ, ಹೊರಗಿನ ಕಲ್ಲಿನ ಮೆಟ್ಟಿಲು ಹತ್ತಿದರೆ ವಾಸದ ಕೋಣೆಗಳು. ಉಗ್ರಾಣದ ನೆಲ ಮಣ್ಣು ಅಥವಾ ಜಲ್ಲಿ, ತೇವ ಇರಲೆಂದೇ ಹಾಗೆ ಮಾಡಿದ್ದು. ಅದಕ್ಕೆ ಯಾರಾದರೂ ಸಿಮೆಂಟ್ ಹಾಕಿ, ಗೋಡೆಗೂ ಸುಣ್ಣದ ಗಾರೆಯ ಬದಲು ಸಿಮೆಂಟ್ ಬಳಿದಿದ್ದರೆ ಆ ತೇವ ಹೊರಹೋಗಲು ದಾರಿಯಿಲ್ಲದೆ ಮೇಲಿನ ಗೋಡೆಗೆ ಏರುತ್ತದೆ. ಇಂಥ ಮನೆ ನೋಡುವಾಗ ಗೋಡೆಗೆ ಕೈ ಇಟ್ಟು ನೋಡಿ. ಹತ್ತಿರದಲ್ಲಿ ಸಂರಕ್ಷಿತ ಚರ್ಚೋ ಕೋಟೆಯೋ ಇದ್ದರೆ, ಸಾಮಾನ್ಯವಾಗಿ 500 ಮೀಟರ್ ಒಳಗೆ, ಕಿಟಕಿ-ಹಂಚು ಬದಲಿಸಲೂ ಸರ್ಕಾರಿ ವಾಸ್ತುತಜ್ಞರ ಒಪ್ಪಿಗೆ ಬೇಕಾಗುತ್ತದೆ.

ಕೊಂಡ ಮೇಲೆ ಪ್ರತಿ ವರ್ಷ ಆಸ್ತಿ ತೆರಿಗೆ. ಸ್ವಂತ ವಾಸದ ಮನೆಗೆ ವಾಸ ತೆರಿಗೆ ಈಗಿಲ್ಲ, ಎರಡನೇ ಮನೆಗೆ ಇದೆ. ಫ್ರೆಂಚ್ ಕಾನೂನಿನಲ್ಲಿ ಮಕ್ಕಳಿಗೆ ಕಡ್ಡಾಯ ಪಾಲೂ ಉಂಟು: ಒಂದು ಮಗುವಿದ್ದರೆ ಆಸ್ತಿಯ ಅರ್ಧ, ಎರಡಿದ್ದರೆ ಮೂರರಲ್ಲಿ ಎರಡು ಭಾಗ, ಮೂರೋ ಹೆಚ್ಚೋ ಇದ್ದರೆ ಮುಕ್ಕಾಲು. ಭಾರತದಲ್ಲಿ ವಾಸಿಸುವವರಿಗೆ ಯಾವ ದೇಶದ ಕಾನೂನು ಹೇಗೆ ಅನ್ವಯ ಎಂಬುದು ಸೂಕ್ಷ್ಮ ವಿಷಯ. ಸಹಿ ಹಾಕುವ ಮೊದಲೇ ನೋತೇರ್ ಬಳಿ ಕೇಳಿ.

ಭಾರತದಿಂದ ಕೊಳ್ಳುವವರಿಗೆ

ಭಾರತದ ನಿವಾಸಿಗಳು ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ಒಂದು ಹಣಕಾಸು ವರ್ಷದಲ್ಲಿ ತಲಾ 2.5 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು. ವಿದೇಶದಲ್ಲಿ ಮನೆ ಕೊಳ್ಳಲು ಇದು ಸಲ್ಲುತ್ತದೆ, ಮನೆಯವರು ಮಿತಿಗಳನ್ನು ಸೇರಿಸಿಕೊಳ್ಳಲೂ ಅವಕಾಶವಿದೆ. 10 ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಬ್ಯಾಂಕ್ ಮೂಲದಲ್ಲೇ ತೆರಿಗೆ ವಸೂಲಿ ಮಾಡುತ್ತದೆ, ರಿಟರ್ನ್ಸ್ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು. ಆ ಮನೆಯನ್ನು ರಿಟರ್ನ್ಸ್‌ನ ವಿದೇಶಿ ಆಸ್ತಿ ಪಟ್ಟಿಯಲ್ಲಿ ತೋರಿಸುವುದು ಕಡ್ಡಾಯ.

ಹೆಚ್ಚಿನವರು ತಪ್ಪು ತಿಳಿಯುವುದು ವೀಸಾ ವಿಷಯದಲ್ಲಿ. ಫ್ರಾನ್ಸಿನಲ್ಲಿ ಮನೆ ಕೊಂಡ ಮಾತ್ರಕ್ಕೆ ಅಲ್ಲಿ ಇರುವ ಹಕ್ಕು ಬರುವುದಿಲ್ಲ. ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಅಲ್ಪಾವಧಿಯ ಷೆಂಗೆನ್ ವೀಸಾದಲ್ಲಿ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ. ಅದಕ್ಕಿಂತ ಹೆಚ್ಚು ಇರಬೇಕಾದರೆ ದೀರ್ಘಾವಧಿ ಸಂದರ್ಶಕ ವೀಸಾ ಬೇಕು. ಅದಕ್ಕೆ ಸಾಕಷ್ಟು ವರಮಾನ ಮತ್ತು ಆರೋಗ್ಯ ವಿಮೆ ತೋರಿಸಿ, ಅಲ್ಲಿ ಕೆಲಸ ಮಾಡುವುದಿಲ್ಲ ಎಂದು ಬರೆದುಕೊಡಬೇಕು.

ತೋಟದ ಪಕ್ಕದ ಬದುಕು

ಕಿಟಕಿ ತೆರೆದರೆ ದ್ರಾಕ್ಷಿ ಕಾಣಬೇಕು ಎಂಬ ಆಸೆ ಸಹಜ. ಆದರೆ ಆ ತೋಟ ಇನ್ನೊಬ್ಬರ ಕೆಲಸದ ಜಾಗ. ಬೇಸಿಗೆಯಲ್ಲಿ ಬೆಳಕು ಹರಿಯುವ ಮೊದಲೇ ಟ್ರ್ಯಾಕ್ಟರ್ ಸದ್ದು ಶುರುವಾಗುತ್ತದೆ. ಬೂಸ್ಟು ರೋಗಕ್ಕೆ ಔಷಧಿ ಹೊಡೆಯುತ್ತಾರೆ. ಮನೆಗಳಿಂದ ಇಷ್ಟು ಮೀಟರ್ ದೂರ ಬಿಡಬೇಕು ಎಂಬ ನಿಯಮ 2020ರಿಂದ ಬಂದಿದೆ. ಅಂತರ ಕಡಿಮೆಯೇ, ಆದ್ದರಿಂದ ಚಿಕ್ಕ ಮಕ್ಕಳಿರುವವರು ಬೇಲಿಯಾಚೆಯ ರೈತ ಸಾವಯವ ಕೃಷಿಯವರೇ ಎಂದು ವಿಚಾರಿಸುವುದು ಒಳ್ಳೆಯದು. ಹಳ್ಳಿಯ ಸದ್ದು, ವಾಸನೆಗಳೂ ಗ್ರಾಮೀಣ ಪರಂಪರೆಯ ಭಾಗ ಎಂದು 2021ರ ಕಾನೂನು ಗುರುತಿಸಿದೆ. ಕೋಳಿ ಕೂಗಿತು, ಚರ್ಚಿನ ಗಂಟೆ ಹೊಡೆಯಿತು ಎಂದು ದೂರು ಕೊಟ್ಟು ಗೆಲ್ಲುವುದು ಸುಲಭವಲ್ಲ.

ಹವೆಯೂ ಬದಲಾಗುತ್ತಿದೆ. ಬೋನ್‌ನಲ್ಲಿ 1354ರಿಂದ ದ್ರಾಕ್ಷಿ ಕೊಯ್ಲಿನ ದಿನಾಂಕಗಳ ದಾಖಲೆ ಇದೆ. ಅದನ್ನು ಅಧ್ಯಯನ ಮಾಡಿದವರಿಗೆ ಕಂಡದ್ದು, 1988ರಿಂದೀಚೆಗೆ ಕೊಯ್ಲು ಹಿಂದಿನ ಆರು ಶತಮಾನಗಳ ಸರಾಸರಿಗಿಂತ 13 ದಿನ ಮೊದಲೇ ಶುರುವಾಗುತ್ತಿದೆ ಎಂದು. ಚಳಿಗಾಲ ಬೆಚ್ಚಗಾದಂತೆ ಬಳ್ಳಿ ಬೇಗ ಚಿಗುರುತ್ತದೆ, ಆಮೇಲೆ ಹಿಮ ಬಿದ್ದರೆ ಎಳೆಯ ಚಿಗುರು ಸುಟ್ಟುಹೋಗುತ್ತದೆ. 2021ರ ಏಪ್ರಿಲ್‌ನಲ್ಲಿ ಹಾಗೇ ಆಯಿತು. ರಾತ್ರಿಯಿಡೀ ಸಾಲುಗಳ ನಡುವೆ ದೊಡ್ಡ ಮೇಣದ ಡಬ್ಬಿಗಳನ್ನು ಉರಿಸಿದರೂ ಬಹಳಷ್ಟು ಬೆಳೆ ಉಳಿಯಲಿಲ್ಲ.

ತೋಟದ ಈ ಸದ್ದು, ಸಂಕಟಗಳ ನಡುವೆಯೇ ಬದುಕಬೇಕಾದ್ದರಿಂದ ಬೆಳೆಗಾರರ ಜೊತೆಗಿನ ನೆರೆಹೊರೆ ಮನೆಯಷ್ಟೇ ಮುಖ್ಯ. ದ್ರಾಕ್ಷಿ ರೈತರ ಸಂತ ವಿನ್ಸೆಂಟನ ಹಬ್ಬ ಪ್ರತಿ ಜನವರಿಯ ಕೊನೆಯ ವಾರಾಂತ್ಯದಲ್ಲಿ ಒಂದೊಂದು ವರ್ಷ ಒಂದೊಂದು ಹಳ್ಳಿಯಲ್ಲಿ ನಡೆಯುತ್ತದೆ. ಇದು 1938ರಿಂದ ಬಂದ ಪದ್ಧತಿ. ಊರಿನವರು ತಿಂಗಳುಗಟ್ಟಲೆ ಕೂತು ಕಾಗದದ ಹೂ ಮಾಡಿ ಬೀದಿ ಸಿಂಗರಿಸುತ್ತಾರೆ, ಹೊಸದಾಗಿ ಬಂದವರನ್ನೂ ಆ ಕೆಲಸಕ್ಕೆ ಕೂರಿಸಿಕೊಳ್ಳುತ್ತಾರೆ. ಮನೆ ನೋಡಲು ಹೋಗುವುದಾದರೆ ಆ ಚಳಿಯ ದಿನಗಳಲ್ಲೇ ಹೋಗಿ. ಬಳ್ಳಿಗಳು ಬೋಳಾಗಿರುತ್ತವೆ, ಗೋಡೆಯ ತೇವ ಕಾಣುತ್ತದೆ, ಹೀಟರಿನ ಬಿಲ್ಲು ಕೇಳಿದರೆ ತೋರಿಸುತ್ತಾರೆ, ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಯಾವ ಅಂಗಡಿ ತೆರೆದಿರುತ್ತದೆ ಎಂಬುದೂ ತಿಳಿಯುತ್ತದೆ.